ಸೋತವರ ಮುಷ್ಕರ

(ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಇಂತಹ ಸಭೆಯಲ್ಲಿ ಆಟದ ಮಾತೆತ್ತಿದರೆ ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ಕೂಲಿ, ದುಡಿಮೆ, ಬೆಲೆಯೇರಿಕೆಗಳ ವಿಚಾರ ನಡೆಯುವ ಜಾಗದಲ್ಲಿ ಚೆಂಡು ದಾಂಡುಗಳಿಗೇನು ಕೆಲಸ ಎನ್ನುತ್ತಾರೆ. ನಾವು ಹೇಳುವುದಿಷ್ಟೆ: ಒಬ್ಬನ ಮೈಕಸುವಿನಿಂದ ಇನ್ನೊಬ್ಬ ಹಣ ಮಾಡುವ ಕಡೆ ಕೂಲಿಯ ಪ್ರಶ್ನೆ ಇದ್ದೇ ಇರುತ್ತದೆ. ಆ ಜಾಗ ಗಿರಣಿಯಾದರೇನು, ಹುಲ್ಲಿನ ಮೈದಾನವಾದರೇನು? ಅಮೆರಿಕದ ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದ ಬೇಸ್‌ಬಾಲ್ ತಂಡ 1889ರಲ್ಲಿ ಕಳೆದ ಒಂದು ಋತುವಿನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇವೆ.

ಆಟದ ಪರಿಚಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಒಂದೊಂದು ಕಡೆಗೆ ಒಂಬತ್ತು ಜನ. ಒಬ್ಬ ಚೆಂಡು ಎಸೆಯುತ್ತಾನೆ, ಎದುರಾಳಿ ದಾಂಡಿನಿಂದ ಹೊಡೆದು ಮೈದಾನದ ನಾಲ್ಕು ಮೂಲೆಗಳನ್ನು ಸುತ್ತಿ ಬರಬೇಕು. ಮೊದಲಿಗೆ ಇದು ಸಂಜೆಯ ಹೊತ್ತಿನ ಹವ್ಯಾಸ. ಜನ ಕಾಸು ಕೊಟ್ಟು ನೋಡಲು ಬಂದ ಮೇಲೆ ವ್ಯಾಪಾರವಾಯಿತು. 1869ರಲ್ಲಿ ಸಿನ್ಸಿನಾಟಿ ನಗರದ ತಂಡ ತನ್ನ ಆಟಗಾರರೆಲ್ಲರಿಗೂ ಬಹಿರಂಗವಾಗಿಯೇ ಸಂಬಳ ಗೊತ್ತುಮಾಡಿತು. ಅತಿ ಹೆಚ್ಚಿನದು 1,400 ಡಾಲರು, ಕಡಿಮೆಯದು 600.

ಸಂಬಳ ಬಂದಿತು, ಅದರ ಬೆನ್ನಿಗೆ ಸಂಕೋಲೆಯೂ ಬಂದಿತು. ಒಳ್ಳೆಯ ಆಟಗಾರ ಹೆಚ್ಚು ಕೊಡುವ ತಂಡಕ್ಕೆ ಹೋಗತೊಡಗಿದಾಗ ಮಾಲೀಕರಿಗೆ ದಿಗಿಲಾಯಿತು. ಸ್ಪರ್ಧೆಯೇ ವ್ಯಾಪಾರದ ಜೀವ ಎಂದು ಹೇಳುವವರು ಕೂಲಿಯ ವಿಷಯ ಬಂದಾಗ ಸ್ಪರ್ಧೆಯನ್ನು ಎಂದಾದರೂ ಸಹಿಸಿದ್ದುಂಟೆ? 1879ರಲ್ಲಿ ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಂಡರು. ಪ್ರತಿ ತಂಡವೂ ಐವರು ಆಟಗಾರರನ್ನು ‘ಕಾದಿರಿಸಿದವರು’ ಎಂದು ಬರೆದಿಟ್ಟುಕೊಳ್ಳಬಹುದು, ಅವರನ್ನು ಬೇರೆ ಯಾವ ತಂಡವೂ ಮುಟ್ಟಬಾರದು. ವರ್ಷ ಹೋದಂತೆ ಆ ಐವರು ಬೆಳೆದು ಇಡೀ ತಂಡವೇ ಆಯಿತು. ಕರಾರು ಮುಗಿದರೂ ಆಟಗಾರ ಮುಕ್ತನಲ್ಲ. ಮಾಲೀಕ ಅವನನ್ನು ಇಟ್ಟುಕೊಳ್ಳಬಹುದು, ಮಾರಬಹುದು, ಓಡಿಸಬಹುದು. ಅವನಾಗಿ ಬೇರೆ ತಂಡಕ್ಕೆ ಹೋಗುವಂತಿಲ್ಲ.

ಇನ್ನು ಲೂಯಿವಿಲ್ಲಿಗೆ ಬರೋಣ. ತಂಡದ ಹೆಸರು ಕರ್ನಲ್ಸ್. ಮಾಲೀಕನ ಹೆಸರು ಮೋರ್ಡೆಕೈ ಡೇವಿಡ್ಸನ್. ಕೈಯಲ್ಲಿ ಹಣ ಸಾಲದ ಈತ 1888ರಲ್ಲಿಯೇ ತನ್ನ ಒಳ್ಳೆಯ ಆಟಗಾರರನ್ನು ಮಾರಿದ್ದ. ಹಬ್ ಕಾಲಿನ್ಸ್ ಎಂಬವನು ಬ್ರೂಕ್ಲಿನ್ ತಂಡಕ್ಕೆ ಹೋದ, ಚೇಂಬರ್ಲಿನ್ ಎಂಬ ಎಸೆತಗಾರ ಸೇಂಟ್ ಲೂಯಿಸ್ ತಂಡಕ್ಕೆ ಹೋದ. ಮುಂದಿನ ವರ್ಷ ಮೊದಲ ಸ್ಥಾನ ಬಂದದ್ದು ಬ್ರೂಕ್ಲಿನ್ನಿಗೆ, ಎರಡನೆಯದು ಸೇಂಟ್ ಲೂಯಿಸಿಗೆ. ಕೊನೆಯ ಸ್ಥಾನ ಯಾರದೆಂದು ಬೇರೆ ಹೇಳಬೇಕಿಲ್ಲ. ಎತ್ತು ಮಾರಿದವನು ಉಳುಮೆ ಸಾಗಲಿಲ್ಲವೆಂದು ಆಳನ್ನು ಬಯ್ದಂತೆ, ಡೇವಿಡ್ಸನ್ ತನ್ನ ವ್ಯಾಪಾರದ ತಪ್ಪನ್ನು ಉಳಿದ ಆಟಗಾರರ ತಲೆಗೆ ಕಟ್ಟಿದ.

ಮೇ 22ರಂದು ಸೋಲುಗಳ ಸರಪಣಿ ಶುರುವಾಯಿತು. ಅದರ ನಡುವೆಯೇ ತಂಡ ಪೂರ್ವದ ಊರುಗಳಿಗೆ ರೈಲಿನಲ್ಲಿ ಹೊರಟಿತು. ಮೇ 31ರಂದು ಪೆನ್ಸಿಲ್ವೇನಿಯದ ಜಾನ್ಸ್‌ಟೌನ್ ಬಳಿ ಕಟ್ಟೆ ಒಡೆದು 2,209 ಜನ ಸತ್ತರು. ಒಡೆದದ್ದು ಊರಿಗೆ ನೀರುಣಿಸುವ ಕಟ್ಟೆಯಲ್ಲ, ಕಾರ್ನೆಗಿ ಮತ್ತು ಫ್ರಿಕ್‌ರಂತಹ ಉಕ್ಕಿನ ದೊರೆಗಳು ಸದಸ್ಯರಾಗಿದ್ದ ಮೀನು ಹಿಡಿಯುವ ಕ್ಲಬ್ಬಿನ ಕೆರೆಯ ಕಟ್ಟೆ. ಶ್ರೀಮಂತರ ವಿಹಾರಕ್ಕೆ ಕೆರೆ, ಬಡವರ ಬೀದಿಗೆ ಪ್ರವಾಹ. ಲೂಯಿವಿಲ್ ತಂಡವೂ ಕೊಚ್ಚಿಹೋಯಿತೇನೋ ಎಂದು ಊರಿನವರು ಹೆದರಿದ್ದರು. ದಾರಿ ಕೆಟ್ಟು ತಡವಾಯಿತು, ಜೀವ ಉಳಿಯಿತು.

ಜೀವ ಉಳಿಸಿಕೊಂಡು ಬಂದವರಿಗೆ ಕಾದಿದ್ದದ್ದು ಜುಲ್ಮಾನೆ. ಜೂನ್ ಮಧ್ಯದಲ್ಲಿ ಬಾಲ್ಟಿಮೋರ್ ನಗರದಲ್ಲಿದ್ದಾಗ ಸೋಲು ಇಪ್ಪತ್ತರ ಹತ್ತಿರ ಬಂದಿತ್ತು. ಮೈದಾನದಲ್ಲಿ ತಪ್ಪು ಮಾಡಿದವರಿಗೆ ಡೇವಿಡ್ಸನ್ 25 ಡಾಲರು ದಂಡ ಹಾಕಿದ. ಅಷ್ಟಕ್ಕೇ ನಿಲ್ಲದೆ, ಮುಂದಿನ ಆಟ ಸೋತರೆ ಪ್ರತಿಯೊಬ್ಬನೂ 25 ಡಾಲರು ತೆರಬೇಕೆಂದು ಸಾರಿದ. ವರ್ಷಕ್ಕೆ 1,500 ಡಾಲರು ಪಡೆಯುವವನೆಂದು ಲೆಕ್ಕ ಹಾಕಿ. ಆಟದ ಆರು ತಿಂಗಳಿಗೆ ಹಂಚಿದರೆ ಅದು ಮೂರು ದಿನದ ಕೂಲಿ. ಕೆಲಸ ಮಾಡಲಿಲ್ಲವೆಂದು ಹಾಕಿದ ದಂಡವಲ್ಲ ಇದು. ಕೆಲಸ ಮಾಡಿಯೂ ಫಲ ಬರಲಿಲ್ಲವೆಂದು ಹಾಕುವ ದಂಡ. ಮಳೆ ಬಾರದಿದ್ದರೆ ಆಳಿನ ಕೂಲಿ ಹಿಡಿಯುವ ಜಮೀನುದಾರನ ನ್ಯಾಯ!

ಆರು ಮಂದಿ ಆಟಗಾರರು ಮೈದಾನಕ್ಕಿಳಿಯಲು ಒಪ್ಪಲಿಲ್ಲ. ಉಳಿದ ಆರು ಮಂದಿ ಆಡಿದರು. ಖಾಲಿಯಾದ ಮೂರು ಜಾಗಗಳಿಗೆ ಬಾಲ್ಟಿಮೋರಿನ ಹವ್ಯಾಸಿ ಹುಡುಗರನ್ನು ತಂದು ನಿಲ್ಲಿಸಿದರು. ಆ ಆಟವನ್ನೂ ಸೋತರು. ದೊಡ್ಡ ಲೀಗುಗಳ ಚರಿತ್ರೆಯಲ್ಲಿ ಇದನ್ನು ಆಟಗಾರರ ಮೊದಲ ಮುಷ್ಕರವೆನ್ನುತ್ತಾರೆ. ಅರ್ಧ ತಂಡದ ಮುಷ್ಕರ ಎಂಬುದನ್ನು ನಾವು ಮರೆಮಾಚಬಾರದು. ಆಡಲು ಹೋದ ಆರು ಜನರನ್ನು ಬಯ್ಯುವುದು ಸುಲಭ. ಮನೆಯಿಂದ ನೂರಾರು ಮೈಲಿ ದೂರ, ಕೈಯಲ್ಲಿ ಕಾಸಿಲ್ಲ, ಓಡಿಸಿದರೆ ಬೇರೆಲ್ಲೂ ಸೇರಿಸಿಕೊಳ್ಳುವವರಿಲ್ಲ. ಆ ಭಯ ಮುಷ್ಕರ ಹೂಡಿದ ಆರು ಜನರಿಗೂ ಇತ್ತು. ಅದನ್ನು ಇಟ್ಟುಕೊಂಡೇ ಅವರು ಕುಳಿತರು. ಅವರ ಹಿಂದೆ ಪಕ್ಷವಿರಲಿಲ್ಲ, ನಿಧಿಯಿರಲಿಲ್ಲ, ಗೆದ್ದವರಿಗೆ ಸಿಗುವ ಕೀರ್ತಿಯೂ ಇರಲಿಲ್ಲ. ಇಡೀ ದೇಶ ನಗುತ್ತಿದ್ದ ತಂಡ ಅದು. ಸೋತವನಿಗೂ ಮಾನವಿದೆ ಎಂದು ಅವರು ತೋರಿಸಿದರು.

ಅಹವಾಲನ್ನು ಲೀಗು ವಿಚಾರಿಸುವುದೆಂಬ ಭರವಸೆಯ ಮೇಲೆ ಅವರು ಬೇಗನೆ ಆಟಕ್ಕೆ ಮರಳಿದರು. ಸೋಲು ಮಾತ್ರ ನಿಲ್ಲಲಿಲ್ಲ. ಜೂನ್ 22ರವರೆಗೆ ಒಂದೇ ಸಮನೆ 26 ಆಟ ಸೋತರು, ಮರುದಿನ ಗೆದ್ದರು. ದೊಡ್ಡ ಲೀಗುಗಳಲ್ಲಿ ಅಷ್ಟು ಉದ್ದದ ಸೋಲಿನ ಸಾಲು ಮತ್ತಾವ ತಂಡಕ್ಕೂ ಬಂದಿಲ್ಲ. ಜುಲೈ ಆರಂಭದಲ್ಲಿ ಡೇವಿಡ್ಸನ್ ತಂಡವನ್ನು ಕೈಬಿಟ್ಟ. ಊರಿನ ಬೇರೆ ಹಣವಂತರು ವಹಿಸಿಕೊಂಡರು. ಒಂದೇ ಋತುವಿನಲ್ಲಿ ನಾಲ್ವರು ಮ್ಯಾನೇಜರುಗಳು ಬದಲಾದರು. ಕೊನೆಗೆ 27 ಗೆಲುವು, 111 ಸೋಲು.

ಮರುವರ್ಷ ಏನಾಯಿತು, ಕೇಳಿ. 1890ರಲ್ಲಿ ಅದೇ ಲೂಯಿವಿಲ್ 88 ಆಟ ಗೆದ್ದು, 44 ಸೋತು ಮೊದಲ ಸ್ಥಾನಕ್ಕೆ ಬಂದಿತು. ಹಿಂದಿನ ವರ್ಷ ಮೂರೇ ಆಟ ಗೆದ್ದಿದ್ದ ಸ್ಕಾಟ್ ಸ್ಟ್ರಾಟನ್ ಎಂಬ ಎಸೆತಗಾರ ಈ ಸಲ 34 ಗೆದ್ದ. ನಾವು ಇಲ್ಲಿ ಉತ್ಪ್ರೇಕ್ಷೆ ಮಾಡಬಾರದು. ಆ ವರ್ಷ ಬಹಳ ಮಂದಿ ಹೆಸರಾಂತ ಆಟಗಾರರು ಹಳೆಯ ಲೀಗುಗಳನ್ನು ಬಿಟ್ಟುಹೋಗಿದ್ದರಿಂದ ಎದುರಾಳಿಗಳ ಬಲ ಕುಗ್ಗಿತ್ತು. ಆದರೂ ಸೋಮಾರಿಗಳೆಂದು ದಂಡ ತೆತ್ತವರು ಸೋಮಾರಿಗಳಲ್ಲವೆಂಬುದು ಸಿದ್ಧವಾಗಲಿಲ್ಲವೆ?

ಬಿಟ್ಟುಹೋದವರು ಎಲ್ಲಿಗೆ ಹೋದರು? ಅದೂ ನಮ್ಮ ಕಥೆಯ ಭಾಗವೇ. 1885ರಲ್ಲಿ ಜಾನ್ ಮಾಂಟ್ಗೊಮರಿ ವಾರ್ಡ್ ಎಂಬ ಆಟಗಾರ, ಕಾನೂನು ಓದಿದವನು, ಆಟಗಾರರ ಸೋದರ ಸಂಘವನ್ನು ಕಟ್ಟಿದ್ದ. ಇನ್ನೊಂದು ಲೀಗಿನ ಮಾಲೀಕರು ಆಟಗಾರರನ್ನು ಐದು ದರ್ಜೆಗಳಾಗಿ ವಿಂಗಡಿಸಿ 2,500 ಡಾಲರಿನ ಮಿತಿ ಹಾಕಿದಾಗ ಸಂಘ ಸಿಡಿದು 1890ರಲ್ಲಿ ತನ್ನದೇ ಲೀಗು ತೆರೆಯಿತು. ಆಡಳಿತದಲ್ಲಿ ಆಟಗಾರರಿಗೂ ಪಾಲು, ಲಾಭದಲ್ಲಿಯೂ ಪಾಲು. ಆದರೆ ಬಂಡವಾಳ ಹೊರಗಿನವರದು. ಮೊದಲ ವರ್ಷದ ನಷ್ಟಕ್ಕೇ ಬೆದರಿದ ಹಣ ಹೂಡಿದವರು ಹಳೆಯ ಮಾಲೀಕರೊಡನೆ ರಾಜಿ ಮಾಡಿಕೊಂಡರು. ಆಟಗಾರರ ಲೀಗು ಒಂದೇ ಋತುವಿಗೆ ಮುಗಿಯಿತು. ಬೀಗದ ಕೈ ಬೇರೆಯವರ ಸೊಂಟದಲ್ಲಿರುವಾಗ ಮನೆ ನಮ್ಮದೆಂದು ನಂಬಬಾರದು.

ಇನ್ನೊಂದು ಕಹಿ ಮಾತನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಇದೇ ಲೂಯಿವಿಲ್ ನಗರದಲ್ಲಿ 1881ರಲ್ಲಿಯೂ ಆಟಗಾರರು ಆಡಲು ನಿರಾಕರಿಸಿದ್ದರು. ಕಾರಣ ಕೂಲಿಯಲ್ಲ. ಎದುರು ತಂಡದಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕರಿಯ ಆಟಗಾರನಿದ್ದ. ಆತನನ್ನು ಆಡಿಸಿರೆಂದು ಪ್ರೇಕ್ಷಕರೇ ಕೂಗಿದರು. ಊರ ತಂಡದ ಇಬ್ಬರು ಮುನಿದು ಒಳಗೆ ಹೋದರು, ವಾಕರ್ ಹೊರಗೇ ಉಳಿದ. 1884ರಲ್ಲಿ ಆತ ಟೊಲೀಡೊ ತಂಡದ ಪರವಾಗಿ ದೊಡ್ಡ ಲೀಗಿನಲ್ಲಿ ಆಡಿದ. ಆಮೇಲೆ ಬಾಗಿಲು ಮುಚ್ಚಿತು. 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೂ ತೆರೆಯಲಿಲ್ಲ. ತಮ್ಮನ್ನು ದನಗಳಂತೆ ಮಾರುತ್ತಾರೆಂದು ಅಳಲಿದ ಬಿಳಿಯ ಆಟಗಾರರಿಗೆ ಪಕ್ಕದವನ ನೋವು ಕಾಣಲಿಲ್ಲ. ಮೈಬಣ್ಣ ನೋಡಿ ಅಂಗಳದ ಹೊರಗೆ ನಿಲ್ಲಿಸುವ ಸೋದರ ಸಂಘ ಎಷ್ಟರ ಸೋದರ ಸಂಘ?

‘ಕಾದಿರಿಸುವ’ ನಿಯಮ ಕೊನೆಗೂ ಮುರಿಯಿತು. ಅದರ ವಿರುದ್ಧ ನ್ಯಾಯಾಲಯ ಹತ್ತಿದವನು ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆತ ಸೋತ. ಆದರೆ ಆ ಹೊತ್ತಿಗೆ ಆಟಗಾರರ ಸಂಘ ಬಲವಾಗಿತ್ತು. ಅದನ್ನು ನಡೆಸುತ್ತಿದ್ದ ಮಾರ್ವಿನ್ ಮಿಲ್ಲರ್ ಉಕ್ಕಿನ ಕಾರ್ಮಿಕರ ಸಂಘದಲ್ಲಿ ಪಳಗಿದವನು. 1975ರಲ್ಲಿ ಮಧ್ಯಸ್ಥಗಾರನ ತೀರ್ಪು ಆಟಗಾರರ ಪರವಾಗಿ ಬಂದಿತು. 1879ರಿಂದ ಎಣಿಸಿದರೆ 96 ವರ್ಷ.

ಆಟಗಾರರು ಸಾಮಾನ್ಯ ಕೂಲಿಗಾರರಿಗಿಂತ ಹೆಚ್ಚು ಗಳಿಸುತ್ತಿದ್ದರಲ್ಲ, ಅವರ ಗೋಳು ನಮಗೇಕೆ ಎಂದು ನೀವು ಕೇಳಬಹುದು. ಹಗ್ಗ ರೇಷ್ಮೆಯದೆಂದ ಮಾತ್ರಕ್ಕೆ ಕಟ್ಟು ಕಟ್ಟಲ್ಲದೆ ಹೋಗುತ್ತದೆಯೆ? ಮುಂದೆಂದಾದರೂ ಯಾವುದಾದರೂ ತಂಡ ಹೀನಾಯವಾಗಿ ಸೋತ ಸುದ್ದಿ ಓದಿದಾಗ ನಗುವ ಮೊದಲು ಬಾಲ್ಟಿಮೋರಿನಲ್ಲಿ ಮೈದಾನಕ್ಕಿಳಿಯದೆ ಕುಳಿತ ಆ ಆರು ಜನರನ್ನು ನೆನೆಯಿರಿ. ಆ ವರ್ಷ ಅವರ ಲೆಕ್ಕಕ್ಕೆ ಬಿದ್ದ ಸೋಲು 111. ಆಡದೆ ಕುಳಿತ ಆ ಒಂದು ದಿನವನ್ನು ನಾವು ಸೋಲೆಂದು ಎಣಿಸಲಾರೆವು.