ಹಿತ್ತಲಲ್ಲಿ ಗುರುಗ್ರಹದ ಬಿಚ್ಚಾಣಿಕೆ



ಹಾರೋಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ಎಂಟು ಇಂಚಿನ ಕನ್ನಡಿಯ ಟೆಲಿಸ್ಕೋಪ್ ಇದೆ. ಉತ್ತರದ ಆಕಾಶಕ್ಕೆ ಬೆಂಗಳೂರಿನ ಬೆಳಕು, ಊರ ಪಕ್ಕದಲ್ಲೇ ಕೈಗಾರಿಕಾ ಪ್ರದೇಶದ ದೀಪಗಳು. ಇಲ್ಲಿಂದ ಏನು ಫೋಟೊ ತೆಗೀತೀರಿ ಅಂತ ಬಂದವರೆಲ್ಲ ಕೇಳುತ್ತಾರೆ. ಮಸುಕಾದ ನೀಹಾರಿಕೆಗಳಿಗೆ ಈ ಜಾಗ ಆಗದು, ನಿಜ. ಆದರೆ ಗುರು, ಶನಿ, ಮಂಗಳ ಬೀದಿದೀಪಕ್ಕೆ ಅಂಜುವವಲ್ಲ. ಅವುಗಳ ಚಿತ್ರ ಕೆಡಿಸುವುದು ಗಾಳಿ.

ಹಗಲೆಲ್ಲ ಕಾದ ತಾರಸಿ, ಡಾಂಬರು ರಸ್ತೆ, ನಮ್ಮ ಸೀಮೆಯ ಬೋಳು ಬಂಡೆಗಳು ಇರುಳಿಡೀ ಬಿಸಿ ಬಿಡುತ್ತವೆ. ಆ ಬಿಸಿ ತಣ್ಣನೆಯ ಗಾಳಿಯೊಳಗೆ ಏರುವಾಗ ಗ್ರಹದಿಂದ ಬರುವ ಬೆಳಕೂ ಅಲುಗಾಡುತ್ತದೆ. ರಾಮನಗರದ ಕಡೆ ರೇಷ್ಮೆ ಬಿಚ್ಚಾಣಿಕೆ ನೋಡಿದವರಿಗೆ ಗೊತ್ತು, ಬಿಸಿನೀರಿನ ತೊಟ್ಟಿಯಲ್ಲಿ ಹಳದಿ ಗೂಡುಗಳು ಹೊರಳಾಡುತ್ತಿರುತ್ತವೆ. ಲ್ಯಾಪ್‌ಟಾಪ್ ಪರದೆಯ ಮೇಲೆ ಗುರು ನನಗೆ ಮೊದಲು ಕಂಡದ್ದು ಹಾಗೆಯೇ: ಹಳದಿ, ತುಸು ಚಪ್ಪಟೆ, ಅಂಚು ಕದಲುತ್ತ.

ಆ ಹೊರಳಾಟದ ನಡುವೆ ರೆಪ್ಪೆ ಬಡಿಯುವಷ್ಟು ಹೊತ್ತು ಗಾಳಿ ಸುಮ್ಮನಾಗುತ್ತದೆ. ಪಟ್ಟೆಗಳು ಮೂಡಿ ಮಾಯವಾಗುತ್ತವೆ. ಈ ಕಲೆಯ ಜೀವ ಇರುವುದು ಅಲ್ಲೇ. ಸೆಕೆಂಡಿಗೆ 100 ಚಿತ್ರದಂತೆ ಎರಡು ನಿಮಿಷ ವಿಡಿಯೊ ತೆಗೆದರೆ 12,000 ಚಿತ್ರ. ಅದಕ್ಕಿಂತ ಬಹಳ ಹೊತ್ತು ತೆಗೆಯುವಂತಿಲ್ಲ. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ಅದರ ಮೈಮೇಲಿನ ಗುರುತುಗಳು ಜರುಗಿಬಿಡುತ್ತವೆ. ಆಟೋಸ್ಟ್ಯಾಕರ್ಟ್ ಎಂಬ ತಂತ್ರಾಂಶ ಆ ಚಿತ್ರಗಳನ್ನೆಲ್ಲ ಜರಡಿ ಹಿಡಿದು ಕದಲಿದವನ್ನು ಬಿಡುತ್ತದೆ. ಉಳಿದ ಸಾವಿರದಷ್ಟನ್ನು ಒಂದರ ಮೇಲೊಂದು ಕೂಡಿಸುತ್ತದೆ. ಬಿಚ್ಚಾಣಿಕೆಯೂ ಇದೇ ತಾನೆ? ಕೆಟ್ಟ ಗೂಡು ಆರಿಸಿ ತೆಗೆದು, ಕಣ್ಣಿಗೆ ಸಿಗದಷ್ಟು ತೆಳುವಾದ ಎಳೆಗಳನ್ನು ಹಲವು ಗೂಡುಗಳಿಂದ ಹಿಡಿದು ಕೂಡಿಸಿದರೆ ನೂಲು.

ನಮ್ಮ ಜಾಗಕ್ಕೆ ಒಂದು ಭಾಗ್ಯವಿದೆ, ಅದನ್ನು ಹೇಳಲೇಬೇಕು. ನಾವಿರುವುದು ಸುಮಾರು 12.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. 2019ರ ಜೂನ್‌ನಲ್ಲಿ ಗುರು ಲಂಡನ್ನಿನವರಿಗೆ ದಿಗಂತದಿಂದ ಬರೀ 16 ಡಿಗ್ರಿ ಏರಿದರೆ ನಮಗೆ 55 ಡಿಗ್ರಿ ಏರಿತ್ತು. ಗ್ರಹ ಎತ್ತರಕ್ಕೆ ಬಂದಷ್ಟೂ ನಡುವಿನ ಗಾಳಿ ಕಡಿಮೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ರಭಸದಿಂದ ಹರಿಯುವ ಜೆಟ್ ಸ್ಟ್ರೀಮ್ ಕೂಡ ನಮ್ಮಿಂದ ದೂರ. 2006ರ ಫೆಬ್ರವರಿಯಲ್ಲಿ ಗುರುವಿನ ಒಂದು ಬಿಳಿ ಸುಳಿ ಕೆಂಪಾಗಿದ್ದನ್ನು ಮೊದಲು ಗುರುತಿಸಿದವರು ಫಿಲಿಪೀನ್ಸಿನ ಸೆಬು ನಗರದ ಹವ್ಯಾಸಿ ಕ್ರಿಸ್ಟೋಫರ್ ಗೋ. ಅದೂ ನಮ್ಮ ಹಾಗೆಯೇ ಸಮಭಾಜಕದ ಹತ್ತಿರದ, ಗಿಜಿಗುಡುವ ಊರು. ಆ ಸುದ್ದಿ ಓದಿದ ಮೇಲೆ ನನಗೆ ಹಿತ್ತಲು ಚಿಕ್ಕದೆನಿಸಲಿಲ್ಲ.

ಸಂಜೆಗೇ ಟೆಲಿಸ್ಕೋಪನ್ನು ಹೊರಗಿಟ್ಟು ಕನ್ನಡಿ ತಣಿಯಲು ಬಿಡುತ್ತೇನೆ. ತಾರಸಿ ಬೇಡ, ಹುಲ್ಲುನೆಲ ಮೇಲು. ಮಳೆ ತೊಳೆದ, ನಕ್ಷತ್ರಗಳು ಮಿಣಮಿಣ ಹೊಳೆಯುವ ರಾತ್ರಿ ಎಷ್ಟೋ ಸಲ ಕೈಕೊಡುತ್ತದೆ. ತೆಳುಮಂಜು ಕವಿದು ಗಾಳಿ ಸುಮ್ಮನಾದ, ನಕ್ಷತ್ರಗಳು ಮಂಕಾಗಿ ನಿಂತ ರಾತ್ರಿ ಕೈಹಿಡಿಯುತ್ತದೆ.

2023ರ ನವೆಂಬರಿನಲ್ಲಿ ಗುರು ನಡುರಾತ್ರಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಬರುತ್ತಿತ್ತು. ಅಂಥದೊಂದು ಮಂಜಿನ ರಾತ್ರಿ ಚಿತ್ರ ಕೂಡಿಸಿ ನೋಡುತ್ತೇನೆ, ಪಟ್ಟೆಗಳ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಗುರುವಿನ ಐಯೋ ಉಪಗ್ರಹದ ನೆರಳು. ಅಮ್ಮನನ್ನು ಎಬ್ಬಿಸಿ ತೋರಿಸಿದೆ. ಸೆರಗು ಹೊದ್ದು ಬಂದು ಪರದೆಗೆ ಮುಖ ಹತ್ತಿರ ತಂದು ನೋಡಿದರು.

"ಹಂಗಾದ್ರೆ ಅಲ್ಲೀಗ ಗ್ರಹಣ ಹಿಡ್ದದಾ?"

ಹೌದಮ್ಮ, ಅಂದೆ. ಆ ಸಾಸಿವೆಯಷ್ಟು ಜಾಗದಲ್ಲಿ ಸೂರ್ಯ ಪೂರ್ತಿ ಮರೆಯಾಗಿದ್ದ.