ಕೆಲಸ ನಿಂತಾಗ ಯಾರನ್ನು ಕೇಳಬೇಕು?

(ಪೀಣ್ಯದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮೆಟ್ರೋ ರೈಲು ನಮ್ಮ ಪೀಣ್ಯಕ್ಕೆ 2014ರಲ್ಲಿ ಬಂತು. ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟಿನಲ್ಲಿ. ಕೊನೆಯ ಈ ಎರಡು ಮಾರ್ಗಗಳ ಕೆಲಸ ನಡೆದಿದ್ದಾಗಲೇ, 2020ರ ಮಾರ್ಚಿನಲ್ಲಿ, ಕೋವಿಡ್ಡಿನಿಂದ ದೇಶಕ್ಕೇ ಬೀಗ ಬಿತ್ತು. ಇಂಥ ಆಪತ್ತು ಯಾವ ಇಂಜಿನಿಯರನ ನಕ್ಷೆಯಲ್ಲೂ ಇರುವುದಿಲ್ಲ. ಆಗ ಕಾಮಗಾರಿಯನ್ನು ಉಳಿಸಬೇಕಾದವರು ಅದರಲ್ಲಿ ಪಾಲುಳ್ಳ ಜನ. ಪಾಲು ಯಾರದೆಂಬುದೇ ಪ್ರಶ್ನೆ.

ನಮ್ಮ ಸರ್ಕಾರ ಕೊಟ್ಟ ಉತ್ತರವನ್ನು ನೆನಪು ಮಾಡಿಕೊಳ್ಳಿ. ಬಿಹಾರ, ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಕಟ್ಟಡ ಕಾರ್ಮಿಕರು ಆರು ವಾರ ಕೆಲಸವಿಲ್ಲದೆ ಕಳೆದು, ಊರು ಸೇರಲು ವಿಶೇಷ ರೈಲಿಗೆ ಕಾದಿದ್ದರು. ಮೇ 5ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಕಟ್ಟಡ ಉದ್ಯಮಿಗಳೊಡನೆ ಮಾತುಕತೆ ನಡೆಸಿದರು. ಅದೇ ದಿನ ಸರ್ಕಾರ, ನಾಳೆಯಿಂದ ರೈಲು ಬೇಡವೆಂದು ರೈಲ್ವೆಗೆ ಬರೆಯಿತು! ಕರೆದದ್ದು ಉದ್ಯಮಿಯನ್ನು, ಕಂಬಿ ಕಟ್ಟುವವನನ್ನಲ್ಲ. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಎರಡು ಮೂರು ದಿನಗಳಲ್ಲಿ ರೈಲು ಬಿಡಲೇಬೇಕಾಯಿತು. ಆದರೆ ನಂಬಿಕೆ ಹೋಗಿತ್ತು. ಎಷ್ಟೋ ಜನ ನಡೆದೇ ಹೊರಟರು. ಇದೇ ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದ ಬಳಿ ಸಾವಿರಾರು ಮಂದಿ ಗಂಟುಮೂಟೆಯೊಡನೆ ಸೇರಿದರು. ಹೋದವರನ್ನು ಆಮೇಲೆ ಗುತ್ತಿಗೆದಾರರೇ ಖರ್ಚು ಮಾಡಿ ಕರೆತರಬೇಕಾಯಿತು. ತಡೆದು ಕಂಡ ಲಾಭವೇನು?

ನಿಜವಾಗಿ ಆಧಾರವಾದವರು ಬೇರೆ. ಅಕ್ಕಿ ಬೇಳೆಯನ್ನು ಉದ್ದರಿ ಕೊಟ್ಟ ಸಣ್ಣ ಅಂಗಡಿಯವರು, ಊಟದ ಪೊಟ್ಟಣ ಹಂಚಿದ ಬಡಾವಣೆಯ ಜನ. ಎಲೆಕ್ಟ್ರಾನಿಕ್ ಸಿಟಿ ಮಾರ್ಗದ ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಹಣ ಕೊಟ್ಟ ಇನ್ಫೋಸಿಸ್ ಪ್ರತಿಷ್ಠಾನದ ಹೆಸರಿದೆ, ಇರಲಿ, ಕೊಟ್ಟಿದ್ದಾರೆ. ಉದ್ದರಿ ಕೊಟ್ಟವರ ಹೆಸರು ಯಾವ ಫಲಕದಲ್ಲೂ ಇಲ್ಲ.

ಇನ್ನೊಂದು ಆಧಾರ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. ನೋಂದಾಯಿತ ಕಾರ್ಮಿಕನಿಗೆ ಮೊದಲು 2,000, ಬಳಿಕ 3,000 ರೂಪಾಯಿ ಎಂದು ಸರ್ಕಾರ ಘೋಷಿಸಿತು. ಅದು ದಾನವಲ್ಲ: 1996ರ ಕಾನೂನಿನಂತೆ ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ 1ರಂತೆ ವಸೂಲಾದ, ಕಾರ್ಮಿಕರಿಗೇ ಮೀಸಲಾದ ಹಣ. ಹೆಸರು ಬರೆಸದವನಿಗೆ ಅದೂ ಇಲ್ಲ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು: ದೊಡ್ಡ ಕಾಮಗಾರಿಯ ಕರಾರಿನಲ್ಲೇ, ಕೆಲಸ ನಿಂತರೆ ಎಷ್ಟು ದಿನದ ಕೂಲಿ, ಯಾರಿಂದ, ಪಡಿತರ ಎಲ್ಲಿ ಎಂಬುದು ಬರೆದಿರಬೇಕು. ಬರೆಯುವಾಗ ಕಾರ್ಮಿಕರ ಪ್ರತಿನಿಧಿಯೂ, ಆ ರಸ್ತೆಯ ಅಂಗಡಿಯವರೂ ಕೂತಿರಬೇಕು.

ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನೊಳಗಿನವರು ಮಂಡಳಿಯಲ್ಲಿ ಹೆಸರು ಬರೆಸಬಹುದು, ಹೊರರಾಜ್ಯದವರಾದರೂ ಸರಿ. ವರ್ತಕ ಮಿತ್ರರೇ, ನಾಳೆ ನಿಮ್ಮಂಗಡಿಗೆ ಬರುವ ಗಾರೆ ಕೆಲಸದವನನ್ನು ಕೇಳಿ, ಕಾರ್ಡು ಮಾಡಿಸಿದ್ದೀಯೇನಪ್ಪಾ ಎಂದು.