ಬ್ಯಾಟರಿಯ ಕಾವಲುಗಾರ: ಲಿಥಿಯಂ ಬ್ಯಾಟರಿಯ ಜೋಡಣೆ ಮತ್ತು ದೋಷ ಪರಿಶೀಲನೆ

(ಮಲೆನಾಡಿನ ಸೌರವಿದ್ಯುತ್ ಬಳಕೆದಾರರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಜನರು ನಾಡಿಗೆ ಬೆಳಕನ್ನಿತ್ತು ತಾವು ಮುಳುಗಡೆಯ ಸಂತ್ರಸ್ತರಾದರು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಬಂದಾಗ ಅದೇ ಕಣಿವೆಯಲ್ಲಿ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದ್ದಿತು: ವಿದ್ಯುತ್ತನ್ನು ಕೂಡಿಡುವುದಕ್ಕೂ ಕಾಡನ್ನೇ ತೆರಬೇಕೇ? ಈ ಪ್ರಶ್ನೆಯನ್ನು ಕೇಳುವವರ ಮೇಲೆ ಒಂದು ಹೊಣೆಯೂ ಇದೆ. ಮನೆಯಲ್ಲಿ ವಿದ್ಯುತ್ತನ್ನು ಕೂಡಿಡುವ ಸಾಧನವನ್ನು ಅರಿತು ಬಳಸಬೇಕು. ಆಯುಷ್ಯ ತುಂಬುವ ಮೊದಲೇ ಅದು ಕಸವಾಗದಂತೆ ನೋಡಿಕೊಳ್ಳಬೇಕು. ಲಿಥಿಯಂ ಕೂಡ ಯಾವುದೋ ನೆಲವನ್ನು ಅಗೆದೇ ಬರುವ ವಸ್ತು. ಅದರ ನಿಕ್ಷೇಪ ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿಯೂ ಪತ್ತೆಯಾಗಿದೆ. ಹಾಳುಮಾಡಿದ ಪ್ರತಿ ಬ್ಯಾಟರಿಯ ಬೆಲೆಯನ್ನು ಎಲ್ಲಿಯೋ ಒಂದು ಊರು ತೆರುತ್ತದೆ.

ಮನೆಬಳಕೆಯ ಸೌರ ವ್ಯವಸ್ಥೆಗೆ ಇಂದು ಹೆಚ್ಚಾಗಿ ಬರುತ್ತಿರುವುದು ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ. ಈ ವಸ್ತುವಿನ ಉಪಯುಕ್ತತೆಯನ್ನು 1997ರಲ್ಲಿ ಪ್ರಕಟಿಸಿದವರು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್ ಮತ್ತು ಅವರ ಸಂಗಡಿಗರು. ಲಿಥಿಯಂ ಅಯಾನ್ ಬ್ಯಾಟರಿಯ ಸಂಶೋಧನೆಗಾಗಿ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಇದರ ಒಂದು ಕೋಶದ ಸಾಮಾನ್ಯ ವೋಲ್ಟೇಜ್ 3.2. ಇಂತಹ 16 ಕೋಶಗಳನ್ನು ಸಾಲಾಗಿ ಜೋಡಿಸಿದರೆ 51.2 ವೋಲ್ಟ್. 100 ಆಂಪಿಯರ್-ಗಂಟೆಯ ಕೋಶಗಳಾದರೆ ಒಟ್ಟು ಸಂಗ್ರಹ ಸುಮಾರು 5 ಯೂನಿಟ್.

ಕಾವಲು ಏಕೆ ಬೇಕು?

ಕೃಷಿ ವಿಜ್ಞಾನದಲ್ಲಿ ಲೀಬಿಗ್‌ನ ಕನಿಷ್ಠತಾ ನಿಯಮ ಪ್ರಸಿದ್ಧವಾದುದು. ಎಲ್ಲ ಪೋಷಕಾಂಶಗಳು ಹೇರಳವಾಗಿದ್ದರೂ ಯಾವುದು ಅತ್ಯಂತ ಕೊರತೆಯಲ್ಲಿದೆಯೋ ಅದೇ ಇಳುವರಿಯನ್ನು ನಿರ್ಧರಿಸುತ್ತದೆ. ಸಾಲಾಗಿ ಜೋಡಿಸಿದ ಕೋಶಗಳಿಗೂ ಈ ನಿಯಮ ಅನ್ವಯಿಸುತ್ತದೆ. 15 ಕೋಶಗಳು ಚೆನ್ನಾಗಿದ್ದು ಒಂದು ಬರಿದಾದರೆ ಇಡೀ ಬ್ಯಾಟರಿ ನಿಲ್ಲಬೇಕು. ನಿಲ್ಲಿಸದಿದ್ದರೆ ಆ ಒಂದು ಕೋಶ ಶಾಶ್ವತವಾಗಿ ಕೆಡುತ್ತದೆ.

ನಿಲ್ಲಿಸುವ ಕೆಲಸ ಬ್ಯಾಟರಿ ನಿರ್ವಹಣಾ ವ್ಯವಸ್ಥೆಯದು, ಅಂದರೆ ಬಿ.ಎಂ.ಎಸ್. ಎಂಬ ಫಲಕದ್ದು. ಅದು ಪ್ರತಿ ಕೋಶದ ವೋಲ್ಟೇಜನ್ನು ಅಳೆಯುತ್ತದೆ. ಯಾವುದೇ ಕೋಶ 3.65 ವೋಲ್ಟ್ ಮೀರಿದರೆ ಚಾರ್ಜಿಂಗ್ ತಡೆಯುತ್ತದೆ, 2.5 ವೋಲ್ಟಿಗೆ ಇಳಿದರೆ ಬಳಕೆಯನ್ನು ತಡೆಯುತ್ತದೆ. ಅತಿ ಪ್ರವಾಹ, ಶಾರ್ಟ್ ಸರ್ಕ್ಯೂಟ್ ಹಾಗೂ ಅತಿ ಉಷ್ಣತೆಗಳಿಂದಲೂ ರಕ್ಷಿಸುತ್ತದೆ. ಮೇಲಾಗಿ, ಮೊದಲು ತುಂಬಿದ ಕೋಶದ ಹೆಚ್ಚುವರಿಯನ್ನು ಸ್ವಲ್ಪ ಸ್ವಲ್ಪವಾಗಿ ಕಳೆದು ಎಲ್ಲವನ್ನೂ ಸಮಗೊಳಿಸುತ್ತದೆ.

ಜೋಡಿಸುವ ಕ್ರಮ

ಮೊದಲ ಹೆಜ್ಜೆ ಕೋಶಗಳನ್ನು ಸಮಗೊಳಿಸುವುದು. ಬೇರೆ ಬೇರೆ ಮಟ್ಟದಲ್ಲಿರುವ ಕೋಶಗಳನ್ನು ಹಾಗೆಯೇ ಜೋಡಿಸಿ ಸಮತೋಲನದ ಭಾರವನ್ನೆಲ್ಲ ಬಿ.ಎಂ.ಎಸ್. ಮೇಲೆ ಹೊರಿಸುವುದು ತಪ್ಪು. ಸಾಮಾನ್ಯ ಫಲಕವೊಂದು ಸಮಗೊಳಿಸುವ ಪ್ರವಾಹ 0.1 ಆಂಪಿಯರ್ ಎಂದುಕೊಂಡರೆ, 10 ಆಂಪಿಯರ್-ಗಂಟೆಯ ವ್ಯತ್ಯಾಸವನ್ನು ಸರಿಪಡಿಸಲು ಅದಕ್ಕೆ 100 ಗಂಟೆ ಬೇಕು. ಅದೂ ಬ್ಯಾಟರಿ ತುಂಬಿದ ಸ್ಥಿತಿಯಲ್ಲಿರುವ ಗಂಟೆಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ.

ಎರಡನೆಯದು ಸೂಕ್ಷ್ಮ ತಂತಿಗಳ ಜೋಡಣೆ. ಫಲಕಕ್ಕೆ ಸಿಕ್ಕಿಸುವ ಮುನ್ನ ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ತುದಿಗಿಟ್ಟು, ಇನ್ನೊಂದನ್ನು ಕನೆಕ್ಟರಿನ ಒಂದೊಂದೇ ಬಿಂದುವಿಗೆ ಮುಟ್ಟಿಸಬೇಕು. 3.3, 6.6, 9.9, 13.2 ಹೀಗೆ ಸಮನಾದ ಮೆಟ್ಟಿಲುಗಳಂತೆ ವೋಲ್ಟೇಜ್ ಏರಬೇಕು. ಒಂದು ಮೆಟ್ಟಿಲು ತಪ್ಪಿದ್ದರೂ ಸಿಕ್ಕಿಸಬಾರದು. ಎರಡು ತಂತಿಗಳು ಅದಲುಬದಲಾದರೆ ಫಲಕ ಕ್ಷಣದಲ್ಲಿ ಸುಡುತ್ತದೆ. ಸಾಮಾನ್ಯವಾಗಿ ಮೊದಲು ದಪ್ಪನೆಯ ಋಣ ತಂತಿಯನ್ನು ಬಿಗಿದು, ಅನಂತರ ಕನೆಕ್ಟರನ್ನು ಸಿಕ್ಕಿಸಲಾಗುತ್ತದೆ. ಬಿಚ್ಚುವಾಗ ಇದಕ್ಕೆ ವಿರುದ್ಧ ಕ್ರಮ. ಆದರೆ ತಯಾರಕರ ಕೈಪಿಡಿ ಹೇಳಿದ ಕ್ರಮವೇ ಅಂತಿಮ. ಕೆಲಸಕ್ಕಿಳಿಯುವ ಮುನ್ನ ಉಂಗುರ, ಬಳೆ, ಲೋಹದ ಗಡಿಯಾರಗಳನ್ನು ಕಳಚಿಡಬೇಕು. ಸ್ಪ್ಯಾನರಿನ ಹಿಡಿಗೆ ನಿರೋಧಕ ಹೊದಿಕೆಯಿರಬೇಕು. ಧನ ತುದಿಯ ಸಮೀಪದಲ್ಲೇ ನೇರ ಪ್ರವಾಹಕ್ಕೆಂದು ತಯಾರಾದ ಫ್ಯೂಸ್ ಇರುವುದು ಕಡ್ಡಾಯ.

ಮೂರನೆಯದು ಗಡಿಗಳನ್ನು ನಿಗದಿಪಡಿಸುವುದು. ಇಲ್ಲಿ ನೆನಪಿಡಬೇಕಾದ ತತ್ತ್ವವೊಂದಿದೆ: ಬಿ.ಎಂ.ಎಸ್. ತೋಟದ ಕೊನೆಯ ಬೇಲಿಯೇ ಹೊರತು ಮೊದಲನೆಯದಲ್ಲ. ದಿನನಿತ್ಯದ ನಿಲುಗಡೆಯನ್ನು ಇನ್ವರ್ಟರ್ ಮತ್ತು ಚಾರ್ಜ್ ನಿಯಂತ್ರಕಗಳೇ ಮಾಡಬೇಕು. 16 ಕೋಶಗಳ ಬ್ಯಾಟರಿಗೆ ಚಾರ್ಜಿಂಗ್ 55 ರಿಂದ 56 ವೋಲ್ಟ್, ಬಳಕೆಯ ನಿಲುಗಡೆ 48 ವೋಲ್ಟ್ ಎಂದಿಟ್ಟರೆ ಕೊನೆಯ ಬೇಲಿಯವರೆಗೆ ಹೋಗುವ ಪ್ರಸಂಗ ಅಪರೂಪವಾಗುತ್ತದೆ. ಹಳೆಯ ಸೀಸ-ಆಮ್ಲ ಬ್ಯಾಟರಿಯ ಜಾಗದಲ್ಲಿ ಹೊಸದನ್ನಿಟ್ಟು ಇನ್ವರ್ಟರಿನ ಹಳೆಯ ಹೊಂದಾಣಿಕೆಯನ್ನು ಹಾಗೆಯೇ ಬಿಡುವುದು ಸಾಮಾನ್ಯ ಪ್ರಮಾದ. ಸೀಸ-ಆಮ್ಲಕ್ಕೆ ಅಗತ್ಯವಾದ 'ಈಕ್ವಲೈಸ್' ಚಾರ್ಜಿಂಗ್ ಲಿಥಿಯಮ್ಮಿಗೆ ವಿಷ. ಅದನ್ನು ಸಂಪೂರ್ಣವಾಗಿ ನಿಲ್ಲಿಸಬೇಕು.

ಮಲೆನಾಡಿನ ಮಳೆಗಾಲ

ಕೈಪಿಡಿಗಳು ಸಾಮಾನ್ಯವಾಗಿ ವರ್ಷವಿಡೀ ಬಿಸಿಲಿರುವ ಊರನ್ನು ಕಲ್ಪಿಸಿಕೊಂಡಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುವ ಘಟ್ಟದ ಮನೆಗಳಲ್ಲಿ ಬ್ಯಾಟರಿ ವಾರಗಟ್ಟಲೆ ಪೂರ್ಣ ತುಂಬುವುದಿಲ್ಲ. ಸಮಗೊಳಿಸುವ ಕಾರ್ಯ ನಡೆಯುವುದು ತುದಿಯ ಮಟ್ಟದಲ್ಲಿ, ಸುಮಾರು 3.4 ವೋಲ್ಟಿನ ಮೇಲೆ. ಆ ಮಟ್ಟವೇ ಮುಟ್ಟದಿದ್ದರೆ ಕೋಶಗಳು ಒಂದರಿಂದೊಂದು ದೂರ ಸರಿಯುತ್ತವೆ. ಉಳಿದ ಚಾರ್ಜಿನ ಲೆಕ್ಕವೂ ದಾರಿ ತಪ್ಪುತ್ತದೆ. ಈ ಜಾತಿಯ ಕೋಶದ ವೋಲ್ಟೇಜ್ ನಡುವಿನ ಬಹುಭಾಗ ಸಮತಟ್ಟಾಗಿರುವುದರಿಂದ ಬಿ.ಎಂ.ಎಸ್. ಒಳಬಂದ ಹಾಗೂ ಹೊರಹೋದ ಪ್ರವಾಹವನ್ನು ಎಣಿಸಿಯೇ ಶೇಕಡಾವಾರು ತೋರಿಸುತ್ತದೆ. ಪೂರ್ಣ ತುಂಬಿದಾಗ ಮಾತ್ರ ಆ ಎಣಿಕೆ ತಿದ್ದುಪಡಿಯಾಗುತ್ತದೆ. ಶ್ರಾವಣದಲ್ಲಿ 'ಶೇ. 40' ಎಂದು ತೋರಿಸುತ್ತಲೇ ದೀಪ ಆರಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಪರಿಹಾರ ಸರಳವಾದುದು. ಮಳೆಗಾಲದಲ್ಲಿ ಎರಡು ಮೂರು ವಾರಗಳಿಗೊಮ್ಮೆ, ಲೈನಿನಲ್ಲಿ ಕರೆಂಟು ಇರುವ ದಿನ, ಪೂರ್ಣ ಚಾರ್ಜ್ ಮಾಡಿ ಕೆಲವು ಗಂಟೆ ಆ ಮಟ್ಟದಲ್ಲೇ ಇರಿಸಬೇಕು.

ತೇವದ ಕಾಟ ಬೇರೆ. ಸೂಕ್ಷ್ಮ ತಂತಿಯ ತುದಿಗಳಲ್ಲಿ ಹಸಿರು ಕಿಲುಬು, ಅಲ್ಯೂಮಿನಿಯಂ ತುದಿಗಳ ಮೇಲೆ ಆಕ್ಸೈಡ್ ಪದರ, ಪೆಟ್ಟಿಗೆಯೊಳಗೆ ಇರುವೆಗೂಡು ಇವೆಲ್ಲ ದೋಷದ ಮೂಲಗಳು. ಬ್ಯಾಟರಿಯನ್ನು ಹುಲ್ಲಿನ ಅಟ್ಟದಲ್ಲಾಗಲಿ, ಬಚ್ಚಲೊಲೆಯ ಗೋಡೆಗೆ ಒತ್ತಿಯಾಗಲಿ ಇಡಬಾರದು.

ದೋಷವನ್ನು ಓದುವ ಬಗೆ

ಒಂದು ಕೋಶ ಮಾತ್ರ ಭಿನ್ನವಾದ ವೋಲ್ಟೇಜ್ ತೋರಿಸಿದಾಗ ಕೋಶವೇ ಕೆಟ್ಟಿತೆಂದು ತೀರ್ಮಾನಿಸಲಾಗದು. ಅದನ್ನು ಮೂರು ಸ್ಥಿತಿಗಳಲ್ಲಿ ನೋಡಬೇಕು.

ಚಾರ್ಜ್ ಆಗುವಾಗ ಹೆಚ್ಚು, ಬಳಸುವಾಗ ಕಡಿಮೆ, ಪ್ರವಾಹ ನಿಂತ ಕೂಡಲೇ ಉಳಿದವುಗಳಿಗೆ ಸಮ. ಹೀಗಿದ್ದರೆ ಮೊದಲ ಸಂಶಯ ಸಡಿಲವಾದ ಅಥವಾ ಕಿಲುಬು ಹಿಡಿದ ಜೋಡಣೆಯ ಮೇಲೆ. 5 ಮಿಲಿಓಮ್ ಪ್ರತಿರೋಧದ ಮೂಲಕ 50 ಆಂಪಿಯರ್ ಹರಿದರೆ 0.25 ವೋಲ್ಟ್ ನಷ್ಟವಾಗುತ್ತದೆ, 12.5 ವಾಟ್ ಶಾಖ ಒಂದೇ ಬೋಲ್ಟಿನಲ್ಲಿ ಹುಟ್ಟುತ್ತದೆ. ವ್ಯವಸ್ಥೆಯನ್ನು ನಿಲ್ಲಿಸಿ, ಉಜ್ಜಿ ಶುಚಿಗೊಳಿಸಿ, ನಿಗದಿತ ಬಿಗಿತಕ್ಕೆ ಬಿಗಿದರೆ ಕೋಶ 'ಗುಣ'ವಾಗುತ್ತದೆ.

ಎಲ್ಲಕ್ಕಿಂತ ಮೊದಲು ತುಂಬುವ, ಆದರೆ ಕೊನೆಯಲ್ಲಿ ಬರಿದಾಗುವ ಕೋಶದಲ್ಲಿ ಇರುವುದು ಅಸಮತೋಲನ ಮಾತ್ರ, ಸಮಗೊಳಿಸಿದರೆ ಸಾಕು. ಮೊದಲು ತುಂಬಿ ಮೊದಲೇ ಬರಿದಾಗುವ ಕೋಶದ ಸಾಮರ್ಥ್ಯವೇ ಕುಂದಿದೆ, ಅದನ್ನು ಬದಲಿಸಬೇಕು.

ಬ್ಯಾಟರಿಯ ಹೊರತುದಿಯಲ್ಲಿ ಶೂನ್ಯ ವೋಲ್ಟೇಜ್ ಕಂಡರೆ ಬಹುಮಟ್ಟಿಗೆ ಬಿ.ಎಂ.ಎಸ್. ತನ್ನ ಕೆಲಸ ಮಾಡಿದೆ ಎಂದೇ ಅರ್ಥ. ಕೋಶಗಳ ವೋಲ್ಟೇಜ್ ಅಳೆದು, ಅವು 2.5ರ ಆಸುಪಾಸಿನಲ್ಲಿದ್ದರೆ ಸೂಕ್ತ ಚಾರ್ಜರಿನಿಂದ ಮೆಲ್ಲನೆ ಎಬ್ಬಿಸಬಹುದು. ಆದರೆ ತಡಮಾಡಬಾರದು, ಫಲಕ ತಾನೂ ಅಲ್ಪ ಪ್ರವಾಹವನ್ನು ಕುಡಿಯುತ್ತಿರುತ್ತದೆ. ತಿಂಗಳುಗಟ್ಟಲೆ ಹಾಗೆಯೇ ಬಿಟ್ಟ ಕೋಶ ಇನ್ನೂ ಆಳಕ್ಕೆ ಇಳಿದರೆ ಒಳಗಿನ ತಾಮ್ರ ಕರಗಿ, ಮುಂದೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗಬಹುದು. ಅಂತಹ ಕೋಶವನ್ನು ಉಳಿಸಲು ಯತ್ನಿಸುವುದು ಅಪಾಯಕಾರಿ.

ಎಲ್ಲಕ್ಕಿಂತ ಘೋರವಾದ ತಪ್ಪು ಇನ್ನೊಂದು. 'ಪದೇ ಪದೇ ಟ್ರಿಪ್ ಆಗುತ್ತದೆ' ಎಂದು ಫಲಕದ ಎರಡು ಋಣ ತುದಿಗಳನ್ನು ತಂತಿಯಿಂದ ನೇರವಾಗಿ ಬೆಸೆದುಬಿಡುವುದು. ದೀಪ ಉರಿಯುತ್ತದೆ, ಮನೆಯವರು ಸಂತೋಷಪಡುತ್ತಾರೆ. ಬೊಗಳುವ ನಾಯಿಯ ಬಾಯಿ ಕಟ್ಟಿ ನಿಶ್ಚಿಂತೆಯಿಂದ ಮಲಗಿದಂತೆ. ಅತಿಯಾಗಿ ಚಾರ್ಜಾದ ಕೋಶ ಉಬ್ಬಿ ದಹನಶೀಲ ಅನಿಲವನ್ನು ಹೊರಬಿಡುತ್ತದೆ. ಈ ಜಾತಿಯ ಬ್ಯಾಟರಿ ಇತರ ಲಿಥಿಯಂ ಬ್ಯಾಟರಿಗಳಿಗಿಂತ ಸುರಕ್ಷಿತವೆಂಬುದು ನಿಜ. ಅದಕ್ಕೆ ಬೆಂಕಿ ತಗಲುವುದೇ ಇಲ್ಲವೆಂಬುದು ಸುಳ್ಳು.

ಕೊನೆಯದಾಗಿ, ಆಯುಷ್ಯ ಮುಗಿದ ಬ್ಯಾಟರಿ ತೋಟದ ಗುಂಡಿ ಸೇರಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಕೊಳ್ಳುವ ದಿನವೇ ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಬೇಕು: ಒಂದೇ ಕೋಶ ಕೆಟ್ಟರೆ ಬದಲಿಸಿ ಕೊಡುವಿರಾ? ಎಲ್ಲವೂ ಮುಗಿದ ಮೇಲೆ ಮರಳಿ ಪಡೆಯುವಿರಾ? ಪ್ರತಿ ಊರಿನಲ್ಲೂ ಒಂದು ಮಲ್ಟಿಮೀಟರ್, ಅದನ್ನು ಬಳಸಬಲ್ಲ ಇಬ್ಬರು ಯುವಕ ಯುವತಿಯರು, ಕೋಶಗಳ ವೋಲ್ಟೇಜನ್ನು ತಿಂಗಳಿಗೊಮ್ಮೆ ಬರೆದಿಡುವ ಒಂದು ಪುಸ್ತಕ, ಇಷ್ಟಿದ್ದರೆ ಬ್ಯಾಟರಿಗಳು ಅಕಾಲದಲ್ಲಿ ಸಾಯುವುದು ಎಷ್ಟೋ ಕಡಿಮೆಯಾಗುತ್ತದೆ. ಕಾಡನ್ನು ಉಳಿಸಿರೆಂದು ಕೇಳುವ ದನಿಗೆ ಆ ಪುಸ್ತಕವೂ ಬಲ ಕೊಡುತ್ತದೆ.